ನಾಲ್ಕು ವರ್ಷ ಮೊದಲು, ಅದೇ ಲ್ಯಾಬಿನಲ್ಲಿ

ಮೊದಲೇ ಹೇಳಿಬಿಡುತ್ತೇನೆ, ಸತ್ಯ ನಾದೆಲ್ಲಾ ಅವರನ್ನು ನಾನು ಕಂಡವನಲ್ಲ. ಅವರು ನಮ್ಮ ಮಣಿಪಾಲದ ಎಂಐಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಮುಗಿಸಿ ಹೋದದ್ದು 1988ರಲ್ಲಿ. ನಾನು ಟ್ರಂಕು ಹೊತ್ತು, ಮಳೆಯಲ್ಲಿ ನೆನೆದು ಟೈಗರ್ ಸರ್ಕಲ್‌ನಲ್ಲಿ ಬಸ್ ಇಳಿದದ್ದು 1992ರಲ್ಲಿ. ಅದೇ ವರ್ಷ ಅವರು ಮೈಕ್ರೋಸಾಫ್ಟ್ ಸೇರಿದ್ದರು. ಆಗ ಅವರ ಹೆಸರು ಯಾರಿಗೆ ಗೊತ್ತಿತ್ತು?

ನಮಗೆ ಗೊತ್ತಿದ್ದದ್ದು ಮೆಷಿನ್ಸ್ ಲ್ಯಾಬ್. ಡಿಸಿ ಮೋಟರಿನ ಸ್ಟಾರ್ಟರ್ ಹಿಡಿಯನ್ನು ನಿಧಾನವಾಗಿ, ಮೋಟರ್ ವೇಗ ಹಿಡಿದ ಹಾಗೆ ಒಂದೊಂದೇ ಸ್ಟಡ್ ದಾಟಿಸುತ್ತಾ ಹೋಗಬೇಕು, ಕೊನೆಗೆ ಅದು ಟಕ್ ಅಂತ ಅಂಟಿಕೊಳ್ಳುವವರೆಗೆ. ಅವಸರ ಮಾಡಿದರೆ ಫ್ಯೂಸ್ ಢಂ. ನಾನು ಒಂದೇ ಮಧ್ಯಾಹ್ನ ಎರಡು ಹಾರಿಸಿದೆ. ಅಟೆಂಡರ್ ಬೈಯಲಿಲ್ಲ, ವೈರಿನ ತುಂಡು ಕೈಗಿಟ್ಟು 'ಈಗ ನೀವೇ ಕಟ್ಟಿ ಮಾರಾಯ್ರೆ' ಎಂದರು.

2014ರ ಫೆಬ್ರುವರಿ 4ರಂದು ಗೇಟ್ಸ್, ಬಾಲ್ಮರ್ ಆದ ಮೇಲೆ ಮೈಕ್ರೋಸಾಫ್ಟಿನ ಮೂರನೆಯ ಸಿಇಒ ಅಂತ ನಾದೆಲ್ಲಾ ಹೆಸರು ಬಂದಾಗ ನಮ್ಮ ಬ್ಯಾಚಿನ ಗುಂಪಿನಲ್ಲಿ ರಾತ್ರಿಯಿಡೀ ಗಲಾಟೆ. ನಮ್ಮ ಬ್ರಾಂಚ್ ಕಣೋ! ಮಿಲ್ವಾಕಿಯಲ್ಲಿ ಕಂಪ್ಯೂಟರ್ ಸೈನ್ಸ್ ಎಂಎಸ್, ಸನ್ ಮೈಕ್ರೋಸಿಸ್ಟಮ್ಸ್, ಆಮೇಲೆ ಒಂದೇ ಕಂಪನಿಯಲ್ಲಿ 22 ವರ್ಷ. ನಡುವೆ ಕೆಲಸ ಬಿಡದೆ ಷಿಕಾಗೊದಲ್ಲಿ ಎಂಬಿಎ. ಅಷ್ಟರಲ್ಲಿ ನಾನು ಆರು ಕಂಪನಿ ಬದಲಿಸಿದ್ದೆ, ಒಂದರಿಂದ ಕಂಪನಿಯವರೇ ಕೆಲಸದಿಂದ ತೆಗೆದು ಕಳಿಸಿದ್ದು.

ಅದಕ್ಕೇ ಇರಬೇಕು, 2015 ನನಗೆ ಮರೆಯುವುದಿಲ್ಲ. ಹಿಂದಿನ ಸಿಇಒ ಬಾಲ್ಮರ್ ಕೊಳ್ಳಲು ಒಪ್ಪಂದ ಮಾಡಿಕೊಂಡಿದ್ದ ನೋಕಿಯಾ ಫೋನ್ ವ್ಯವಹಾರದಲ್ಲಿ ನಾದೆಲ್ಲಾ 760 ಕೋಟಿ ಡಾಲರ್ ನಷ್ಟ ಬರೆದು ಕೈ ತೊಳೆದುಕೊಂಡರು, ಜೊತೆಗೆ 7,800 ಜನರ ಕೆಲಸ ಹೋಯಿತು. ಲೆಕ್ಕ ಸರಿಯೇ ಇರಬಹುದು. ಸನ್ಮಾನದ ಭಾಷಣಗಳಲ್ಲಿ ಮಾತ್ರ ಕ್ಲೌಡ್ ಬರುತ್ತೆ, ಲಿಂಕ್ಡ್‌ಇನ್ ಕೊಂಡದ್ದು ಬರುತ್ತೆ, ಇದು ಬರಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಬೇರೆಯೇ ಕತೆ. ಅಮೆರಿಕದಲ್ಲಿ ಅವರಿಗೆ ಗ್ರೀನ್ ಕಾರ್ಡ್, ಅಂದರೆ ಅಲ್ಲೇ ಕಾಯಂ ಇರಲು ಅನುಮತಿ, ಇತ್ತು. ಆದರೆ ಆಗಿನ ಕಾನೂನು ಹೇಗಿತ್ತೆಂದರೆ, ಗ್ರೀನ್ ಕಾರ್ಡ್ ಇದ್ದವನ ಹೆಂಡತಿ ವೀಸಾಕ್ಕೆ ವರ್ಷಗಟ್ಟಲೆ ಕಾಯಬೇಕು, ಬರೀ ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾ ಇದ್ದವನಾದರೆ ಜೊತೆಗೇ ಕರೆದುಕೊಂಡು ಹೋಗಬಹುದು. ಇವರು ದೆಹಲಿಯ ಅಮೆರಿಕನ್ ರಾಯಭಾರ ಕಚೇರಿಗೆ ಹೋಗಿ ಗ್ರೀನ್ ಕಾರ್ಡನ್ನೇ ವಾಪಸ್ ಕೊಟ್ಟು ಎಚ್-1ಬಿ ಕೇಳಿದರು! ಅಂಥದೇ ಕ್ಯೂನಲ್ಲಿ, ಚೆನ್ನೈಯಲ್ಲಿ, ಬೆಳಗಿನ ಐದು ಗಂಟೆಗೆ ಫೈಲು ಎದೆಗೊತ್ತಿಕೊಂಡು ನಿಂತವನು ನಾನು. ಕೈಗೆ ಬಂದ ಕಾರ್ಡನ್ನು ತಿರುಗಿ ಕೊಡುವುದೆಂದರೆ ಏನು ಅಂತ ಆ ಕ್ಯೂನಲ್ಲಿ ನಿಂತವರಿಗೇ ಗೊತ್ತು.

ಹೋದ ಸಲ ಕಾಲೇಜಿಗೆ ಬಂದಾಗ ಹುಡುಗನೊಬ್ಬ ಕೇಳಿದ, 'ಸರ್, ನಾದೆಲ್ಲಾ ಯಾವ ಹಾಸ್ಟೆಲ್ ಬ್ಲಾಕಿನಲ್ಲಿದ್ರು?' ನನಗೇನು ಗೊತ್ತು? ಅವನ ಮುಖ ನೋಡಿ ಇಲ್ಲ ಅನ್ನಲು ಮನಸ್ಸಾಗಲಿಲ್ಲ. ನಾನಿದ್ದ ಬ್ಲಾಕನ್ನೇ ತೋರಿಸಿಬಿಟ್ಟೆ. ಕಿಟಕಿಯಲ್ಲಿ ಯಾರದೋ ಒಣಗದ ಬನಿಯನ್ನು ನೇತಾಡುತ್ತಿತ್ತು. ಅವನು ಫೋಟೋ ತೆಗೆದುಕೊಂಡ.