ಕೈಲ್‌ಪೊಳ್ದ್ ಮುಗಿಸಿ ಸ್ಪೇನಿಗೆ: ಬಿಲ್ಬಾವೊದಿಂದ ಬಾರ್ಸಿಲೋನಾಕ್ಕೆ ಬಸ್ಸಿನಲ್ಲಿ

ಸೆಪ್ಟೆಂಬರ್ ಮೊದಲ ವಾರ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್. ಅಕ್ಟೋಬರ್ 17ರ ಆಸುಪಾಸಿಗೆ ತುಲಾ ಸಂಕ್ರಮಣ. ತೀರ್ಥೋದ್ಭವಕ್ಕೆ ತಲಕಾವೇರಿ ತಪ್ಪಿಸದವರು ಅಷ್ಟರೊಳಗೆ ಮನೆ ಸೇರಬೇಕು. ನವೆಂಬರ್‌ನಲ್ಲಿ ಅರೇಬಿಕಾ ಕಾಫಿ ಹಣ್ಣಾಗತೊಡಗಿದರೆ ತೋಟ ಬಿಟ್ಟು ಹೊರಡುವ ಮಾತೇ ಇಲ್ಲ. ಕೊಡಗಿನವರಿಗೆ ಬಿಡುವಾಗುವ ಈ ಐದು ವಾರಗಳಲ್ಲೇ ಉತ್ತರ ಸ್ಪೇನಿನ ರಿಯೋಹಾದಲ್ಲಿ ದ್ರಾಕ್ಷಿ ಕೊಯ್ಲು ನಡೆಯುತ್ತದೆ. ಇದಕ್ಕಿಂತ ಹದವಾದ ಸಮಯ ವರ್ಷದಲ್ಲಿ ಇನ್ನೊಂದಿಲ್ಲ.

ಸ್ಪೇನಿಗೆ ಬೇಕಾದ ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಗೆಂದರೆ 15 ದಿನ ಮುಂಚೆ. ಇಪ್ಪತ್ತೈದು ಮೂವತ್ತು ಜನರ ಗುಂಪಾದರೆ ಜೂನ್‌ನಲ್ಲೇ ಕಾಗದಪತ್ರ ಸೇರಿಸಿ. ಹಿಂತಿರುಗುವ ದಿನದ ಮೇಲೆ ಇನ್ನೂ ಮೂರು ತಿಂಗಳಾದರೂ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು, 30,000 ಯೂರೋ ಮೊತ್ತದ ವಿಮೆ ಬೇಕು. ನಮ್ಮವರ ಅರ್ಜಿ ಸಿಕ್ಕಿಬೀಳುವುದು ಮನೆ ಹೆಸರಿನಲ್ಲಿ. ಒಂದು ಕಡೆ ಮನೆ ಹೆಸರು ಮೊದಲು, ಇನ್ನೊಂದು ಕಡೆ ಕೊನೆಗೆ, ಮತ್ತೊಂದು ಕಡೆ ಬರೀ ಇನಿಷಿಯಲ್. ಟಿಕೆಟ್, ವಿಮೆ, ಹೋಟೆಲ್ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಅಕ್ಷರಕ್ಕೆ ಅಕ್ಷರ ಬರೆಸಿ. ವಿಮಾನ ಬಿಲ್ಬಾವೊಗೆ ಇಳಿದು ಬಾರ್ಸಿಲೋನಾದಿಂದ ಹೊರಡುವಂತಿರಲಿ; ಹೋದ ದಾರಿಯಲ್ಲೇ ವಾಪಸ್ ಬರುವ ಒಂದು ದಿನ ಉಳಿಯುತ್ತದೆ.

ಈಗ ಬಸ್ಸಿನ ವಿಷಯ. ಇಡೀ ಪ್ರವಾಸ ನಿಂತಿರುವುದು ಡ್ರೈವರ್ ಗಡಿಯಾರದ ಮೇಲೆ. ನಮ್ಮಲ್ಲಿ "ಇನ್ನೊಂದು ಅರ್ಧ ಗಂಟೆ ಅಣ್ಣಾ" ಅಂದರೆ ಆಗಿಬಿಡುತ್ತದೆ. ಅಲ್ಲಿ ಆಗುವುದಿಲ್ಲ, ಒರಟುತನಕ್ಕಲ್ಲ. ಯುರೋಪಿನ ಕಾನೂನಿನಂತೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕಡ್ಡಾಯ. ಅದನ್ನು ಮೊದಲು 15, ಆಮೇಲೆ 30 ಎಂದು ಒಡೆಯಬಹುದು. ದಿನಕ್ಕೆ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ವಾರದಲ್ಲಿ ಎರಡು ದಿನ ಮಾತ್ರ 10. ಇದಕ್ಕಿಂತ ಮುಖ್ಯವಾದದ್ದು ವಿಶ್ರಾಂತಿ: 24 ಗಂಟೆಯಲ್ಲಿ 11 ಗಂಟೆ ಒಂದೇ ಸಮನೆ. ಒಂದು ವಾರದ ರಜೆಗೂ ಮುಂದಿನ ವಾರದ ರಜೆಗೂ ನಡುವೆ ಮೂರು ಸಲ ಅದು 9ಕ್ಕೆ ಇಳಿಯಬಹುದು, ಅಷ್ಟೇ. ಟ್ಯಾಕೋಗ್ರಾಫ್ ಯಂತ್ರ ನಿಮಿಷ ನಿಮಿಷವೂ ಬರೆದಿಡುತ್ತದೆ. ತಪಾಸಣೆಯಲ್ಲಿ ಸಿಕ್ಕರೆ ದಂಡ.

ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ 8ಕ್ಕೆ ಡ್ರೈವರ್ ಕೆಲಸ ಶುರು ಮಾಡಿದರೆ ರಾತ್ರಿ 9ಕ್ಕೆ ಮುಗಿಯಬೇಕು. ಸ್ಪೇನಿನಲ್ಲಿ ರಾತ್ರಿ ಊಟ ಶುರುವಾಗುವುದೇ 9ಕ್ಕೆ! ದೂರದ ಹೋಟೆಲಿನಲ್ಲಿ ಊಟ ಗೊತ್ತು ಮಾಡಿ, 11ಕ್ಕೆ ಬಸ್ಸಿನಲ್ಲಿ ವಾಪಸ್ ಬಂದರೆ, ಪೂರ್ತಿ 11 ಗಂಟೆ ವಿಶ್ರಾಂತಿಯ ಲೆಕ್ಕದಲ್ಲಿ ಮರುದಿನ ಹತ್ತರವರೆಗೆ ಬಸ್ಸಿಲ್ಲ. ಆ ಬೆಳಿಗ್ಗೆಯ ಬುಕಿಂಗ್ ಎಲ್ಲ ನೀರುಪಾಲು. ಆದ್ದರಿಂದ ರಾತ್ರಿ ಊಟ ಯಾವಾಗಲೂ ತಂಗಿದ ಜಾಗದಿಂದ ನಡೆದು ಹೋಗುವಷ್ಟು ದೂರದಲ್ಲಿರಲಿ. ರಿಯೋಹಾದ ರಾಜಧಾನಿ ಲೊಗ್ರೊನ್ಯೊದಲ್ಲಿ ಹಳೇ ಊರಿನೊಳಗೆ ತಂಗಿದರೆ ಲಾವ್ರೆಲ್ ಬೀದಿ ಕಾಲ್ನಡಿಗೆಯ ದೂರ. ಒಂದೊಂದು ಅಂಗಡಿಗೂ ಒಂದೊಂದು ತಿನಿಸು ಪ್ರಸಿದ್ಧ. ಬೆಣ್ಣೆಯಂಥ ಅಣಬೆಯನ್ನು ಬ್ರೆಡ್ಡಿನ ಮೇಲೆ ಕಡ್ಡಿಗೆ ಚುಚ್ಚಿ ಕೊಡುತ್ತಾರೆ, ಮೇಲೊಂದು ಸೀಗಡಿ ಇರುತ್ತದೆ. ಪಂದಿ ಕರಿ ತಿಂದು ಬೆಳೆದವರಿಗೆ ಅಲ್ಲಿ ಯಾವ ಕಷ್ಟವೂ ಇಲ್ಲ. ಸಸ್ಯಾಹಾರಿಗಳು ಮಾತ್ರ "ಮಾಂಸ ಬೇಡ" ಎಂದಷ್ಟೇ ಹೇಳಿದರೆ ಹ್ಯಾಮ್ ಚೂರೋ ಟ್ಯೂನಾ ಮೀನೋ ತಟ್ಟೆಗೆ ಬರುತ್ತದೆ. ಹ್ಯಾಮ್ ಬೇಡ, ಮೀನು ಬೇಡ, ಕೋಳಿ ಬೇಡ ಎಂದು ಬಿಡಿಸಿ ಬರೆದ ಚೀಟಿ ಇಟ್ಟುಕೊಳ್ಳಿ.

ರಿಯೋಹಾದಲ್ಲಿ ದಿನಕ್ಕೆ ಎರಡೇ ವೈನರಿ. ಒಂದೊಂದಕ್ಕೂ ಒಂದೂವರೆಯಿಂದ ಎರಡು ಗಂಟೆ ಬೇಕು, ಮೂರನೆಯದಕ್ಕೆ ಹೋಗುವ ಹೊತ್ತಿಗೆ ನಾಲಿಗೆ ಮರಗಟ್ಟಿರುತ್ತದೆ. ಕೊಯ್ಲಿನ ಕಾಲದಲ್ಲಿ ಅವರಿಗೂ ಉಸಿರಾಡಲು ಪುರಸೊತ್ತಿಲ್ಲ, ಎರಡು ತಿಂಗಳು ಮೊದಲೇ ಬರೆದು ಸಮಯ ಕೇಳಿ. ಮೂವತ್ತು ಜನ ಒಟ್ಟಿಗೆ ನೆಲಮಾಳಿಗೆಗೆ ಇಳಿದರೆ ಹಿಂದಿನವರಿಗೆ ಏನೂ ಕೇಳಿಸದು; ಅರ್ಧ ಜನ ಕೆಳಗೆ, ಅರ್ಧ ಜನ ರುಚಿ ನೋಡುವ ಕೋಣೆಯಲ್ಲಿ, ಆಮೇಲೆ ಅದಲು ಬದಲು. ಕೆಳಗೆ ತಂಪು, ಸ್ವೆಟರ್ ಬೇಕು. ಅತ್ತರು ಹಚ್ಚಿಕೊಂಡು ಹೋಗಬೇಡಿ, ಪಕ್ಕದವರ ಗ್ಲಾಸಿನ ಪರಿಮಳವನ್ನೂ ಅದು ಕೊಲ್ಲುತ್ತದೆ.

ಮಡಿಕೇರಿಯ ಅಂಗಡಿಗಳಲ್ಲಿ ಸಿಗುವ ಮನೆ ವೈನ್ ಸಿಹಿ. ಆ ರುಚಿ ನೆನೆದು ಗ್ಲಾಸ್ ಎತ್ತಿದವರು ಮೊದಲ ಗುಟುಕಿಗೇ ಮುಖ ಕಿವುಚುತ್ತಾರೆ. ರಿಯೋಹಾದ ವೈನಿನಲ್ಲಿ ಸಕ್ಕರೆಯೆಲ್ಲ ಹುಳಿಯುವಾಗಲೇ ಕರಗಿ ಹೋಗಿರುತ್ತದೆ; ಸಿಪ್ಪೆ, ಬೀಜ, ಮರದ ಪೀಪಾಯಿಗಳ ಒಗರು ಉಳಿದಿರುತ್ತದೆ. ಎರಡನೇ ಗುಟುಕನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನೋಡಿ. 225 ಲೀಟರಿನ ಅಮೆರಿಕನ್ ಓಕ್ ಪೀಪಾಯಿಯಲ್ಲಿ ಕಳೆದ ಕೆಂಪು ವೈನಿನಲ್ಲಿ ವೆನಿಲಾ, ತೆಂಗಿನಕಾಯಿಯ ಘಮ ಸ್ಪಷ್ಟ. ವೆನಿಲಾ ಬೆಳೆದ ಕೊಡಗಿನ ಮೂಗಿಗೆ ಅದು ತಪ್ಪುವುದಿಲ್ಲ. ಬಾಟಲಿಯ ಹಿಂದಿನ ಚೀಟಿ ಓದಿ: ಕೆಂಪು ವೈನಿನಲ್ಲಿ ಕ್ರಿಯಾನ್ಸಾ ಎಂದರೆ ಕನಿಷ್ಠ ಎರಡು ವರ್ಷ ಮಾಗಿದ್ದು, ಅದರಲ್ಲಿ ಒಂದು ವರ್ಷ ಪೀಪಾಯಿಯಲ್ಲಿ. ರೆಸೆರ್ವಾ ಮೂರು ವರ್ಷ, ಗ್ರಾನ್ ರೆಸೆರ್ವಾ ಐದು.

ತೋಟದವರು ಕೇಳಬೇಕಾದ ಪ್ರಶ್ನೆ ಇಳುವರಿಯದು. ರಿಯೋಹಾದಲ್ಲಿ ಕೆಂಪು ದ್ರಾಕ್ಷಿಗೆ ಹೆಕ್ಟೇರಿಗೆ 6,500 ಕಿಲೋ ಮಿತಿ, ನಮ್ಮ ಲೆಕ್ಕದಲ್ಲಿ ಎಕರೆಗೆ ಸುಮಾರು 2,600. ಬೆಳೆ ಜಾಸ್ತಿ ಕಂಡರೆ ಹಸಿರು ಗೊನೆಗಳನ್ನೇ ಕತ್ತರಿಸಿ ನೆಲಕ್ಕೆ ಹಾಕುತ್ತಾರೆ. ಹಳೇ ಬಳ್ಳಿಗಳಿಗೆ ತಂತಿಯಿಲ್ಲ, ಚಪ್ಪರವಿಲ್ಲ. ಸವರಿ ಸವರಿ ಮೊಣಕಾಲೆತ್ತರದ ಗಿಡದಂತೆ ನಿಲ್ಲಿಸಿರುತ್ತಾರೆ. ಬುಡದ ಗಂಟು ಹಳೇ ಕಾಫಿ ಗಿಡದ ಬುಡವನ್ನೇ ನೆನಪಿಸುತ್ತದೆ.

ಕಟ್ಟಡ ನೋಡುವವರು ಬಿಲ್ಬಾವೊದ ಕಲಾ ಸಂಗ್ರಹಾಲಯ ಗುಗೆನ್‌ಹೈಮ್‌ನಿಂದ ಶುರು ಮಾಡಿ. ಫ್ರಾಂಕ್ ಗೆರಿ ವಿನ್ಯಾಸ, 1997ರಲ್ಲಿ ತೆರೆದದ್ದು. ಮೈತುಂಬ ಟೈಟೇನಿಯಂ ತಗಡು, ಮೋಡ ಬಂದರೆ ಬೂದು, ಬಿಸಿಲು ಬಿದ್ದರೆ ಹೊನ್ನು. ಎರಡು ದಿನ ಬಿಟ್ಟು ಎಲ್‌ಸಿಯೆಗೊ ಹಳ್ಳಿಯಲ್ಲಿ ಮಾರ್ಕೆಸ್ ದೆ ರಿಸ್ಕಾಲ್ ವೈನರಿಯ ಹೋಟೆಲ್ ನೋಡಿದಾಗ ಅದೇ ಕೈ ಗುರುತು ಸಿಗುತ್ತದೆ: 2006ರದು, ತಗಡುಗಳ ಗುಲಾಬಿ ಬಣ್ಣ ವೈನಿನ ಗುರುತು, ಹೊನ್ನು ಬಾಟಲಿಗೆ ಸುತ್ತುವ ಬಲೆಯದು, ಬೆಳ್ಳಿ ಬಿರಡೆಯ ಹೊದಿಕೆಯದು. ಹತ್ತಿರದಲ್ಲೇ ಸಾಂತಿಯಾಗೊ ಕಾಲತ್ರಾವಾ ಕಟ್ಟಿದ ಇಸಿಯೋಸ್ ವೈನರಿ, ಹಿಂದಿನ ಬೆಟ್ಟಸಾಲಿನಂತೆ ಏರಿಳಿಯುವ ಮಾಡು. ಲಾಗ್ವಾರ್ಡಿಯಾ ಕೋಟೆ ಊರಿನೊಳಗೆ ಬಸ್ ಹೋಗದು. ಹೊರಗೆ ಇಳಿದು ಕಲ್ಲು ಹಾಸಿನ ಏರು ಹತ್ತಬೇಕು, ಮಂಡಿ ನೋವಿನವರಿಗೆ ಮೊದಲೇ ತಿಳಿಸಿ.

ಲೊಗ್ರೊನ್ಯೊದಿಂದ ಬಾರ್ಸಿಲೋನಾ ಸುಮಾರು 480 ಕಿಲೋಮೀಟರ್. ಹೆದ್ದಾರಿಯಲ್ಲೂ ಬಸ್ಸಿಗೆ ಗಂಟೆಗೆ 100ರ ಮಿತಿ. ಸಾರಗೋಸಾದಲ್ಲಿ ಊಟಕ್ಕೆ ನಿಂತರೆ ಡ್ರೈವರ್ ಬಿಡುವೂ ಅದರಲ್ಲೇ ಮುಗಿಯುತ್ತದೆ. ರಿಯೋಹಾದಲ್ಲಿ ಕಂಡ ಎಬ್ರೊ ಹೊಳೆಯೇ ಇಲ್ಲಿ ಪಿಲಾರ್ ಬಸಿಲಿಕಾ ಚರ್ಚಿನ ಮಗ್ಗುಲಲ್ಲಿ ಹರಿಯುತ್ತದೆ.

ಬಾರ್ಸಿಲೋನಾದ ಸಗ್ರಾದ ಫಮಿಲಿಯಾ ಚರ್ಚಿಗೆ ಟಿಕೆಟ್ ಆನ್‌ಲೈನಿನಲ್ಲಿ ಮಾತ್ರ, ಹೊತ್ತು ಗೊತ್ತು ಮಾಡಿ. ಮಧ್ಯಾಹ್ನದ ನಂತರದ ಸಮಯ ತೆಗೆದುಕೊಳ್ಳಿ: ಪಡುವಣ ಕಿಟಕಿಗಳ ಕೆಂಪು, ಕಿತ್ತಳೆ ಗಾಜಿನಿಂದ ಬಿಸಿಲು ಒಳಗೆ ಹೊಕ್ಕು ಕಂಬಗಳ ಮೇಲೆ ಹರಡುತ್ತದೆ. ಕಂಬಗಳು ಮೇಲೆ ಹೋದಂತೆ ಕವಲೊಡೆಯುತ್ತವೆ, ನೆರಳು ಮರಗಳ ಕೆಳಗೆ ನಿಂತು ತಲೆಯೆತ್ತಿದ ಹಾಗೇ. ಅಲ್ಲಿಂದಲೇ ಹೊರಟುಬಿಡಬೇಡಿ. ಕೆಳಗಿನ ವಸ್ತುಸಂಗ್ರಹಾಲಯದಲ್ಲಿ ಈ ಚರ್ಚಿನ ವಾಸ್ತುಶಿಲ್ಪಿ ಗೌಡಿಯ ತೂಗು ಮಾದರಿಯ ಪ್ರತಿಕೃತಿ ಇದೆ: ದಾರಗಳನ್ನು ಜೋತುಬಿಟ್ಟು, ಭಾರದ ಪುಟ್ಟ ಚೀಲಗಳನ್ನು ಕಟ್ಟಿದ್ದು. ದಾರ ತಾನಾಗಿ ಬಾಗಿ ನಿಲ್ಲುವ ರೂಪವನ್ನು ತಲೆಕೆಳಗು ಮಾಡಿದರೆ ಅದೇ ಕಮಾನು. ಭಾರವೆಲ್ಲ ಒತ್ತಡವಾಗಿ ನೆಲಕ್ಕಿಳಿಯುತ್ತದೆ. ಅದನ್ನು ನೋಡಿ ಮತ್ತೆ ಮೇಲೆ ಬನ್ನಿ, ಕಂಬಗಳು ಯಾಕೆ ಓರೆ ನಿಂತಿವೆ ಎಂದು ಕಣ್ಣಿಗೇ ತಿಳಿಯುತ್ತದೆ.

ಕೊಂಡ ವೈನನ್ನು ಬಸ್ಸಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ, ಕಾವಿಗೆ ಬಿರಡೆ ಮೇಲೇಳುತ್ತದೆ. ರಾತ್ರಿ ಕೋಣೆಗೆ ಒಯ್ಯಿರಿ. ಬಟ್ಟೆ ಸುತ್ತಿ ಚೆಕ್‌ಇನ್ ಪೆಟ್ಟಿಗೆಯ ನಡುವೆ ಇಡಿ. ಭಾರತಕ್ಕೆ ಒಬ್ಬರು ಸುಂಕವಿಲ್ಲದೆ ತರಬಹುದಾದದ್ದು ಎರಡು ಲೀಟರ್: 750 ಮಿಲಿಯ ಎರಡು ಬಾಟಲಿ ಸರಿ, ಮೂರನೆಯದಕ್ಕೆ ಲೆಕ್ಕ ಮೀರುತ್ತದೆ.