ಬಾಟಲಿಯ ಚೀಟಿಯಲ್ಲಿ ಬರೆಯದೆ ಬಿಟ್ಟದ್ದು

ಶಿವಮೊಗ್ಗದಲ್ಲಿ ಮನೆ ಮಾಡಿಕೊಂಡು, ನದಿ ಸಮುದ್ರ ಸೇರುವ ಅಳಿವೆಗಳ ಮೇಲೆ ಕೆಲಸ ಮಾಡುತ್ತೇನೆ ಎಂದಾಗಲೆಲ್ಲ ಕೇಳಿದವರು ಒಮ್ಮೆ ನನ್ನ ಮುಖ ನೋಡುತ್ತಾರೆ. ತುಂಗೆಯ ದಡದ ಊರಿಗೂ ಸಮುದ್ರಕ್ಕೂ ನಡುವೆ ಇಡೀ ಘಟ್ಟವೇ ಅಡ್ಡ ನಿಂತಿರುವಾಗ ಆ ನೋಟದಲ್ಲಿ ತಪ್ಪೇನೂ ಇಲ್ಲ. ಆದರೆ ಶರಾವತಿ ಹುಟ್ಟುವುದು ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ, ಸಾಗರಗಳ ಕಾಡು ಗದ್ದೆಗಳ ನೀರನ್ನೆಲ್ಲ ಕೂಡಿಸಿಕೊಂಡು, ಲಿಂಗನಮಕ್ಕಿಯಲ್ಲಿ ತಂಗಿ, ಘಟ್ಟ ಇಳಿದು ಹೊನ್ನಾವರದಲ್ಲಿ ಸಮುದ್ರ ಸೇರುವ ಹೊತ್ತಿಗೆ ಅದು ಹರಿದಿರುವುದು ಸುಮಾರು 128 ಕಿಲೋಮೀಟರ್ ಮಾತ್ರ. ಇಷ್ಟು ಗಿಡ್ಡ ನದಿಯಲ್ಲಿ ಘಟ್ಟದ ಮೇಲೆ ಮಾಡಿದ್ದು ಘಟ್ಟದ ಕೆಳಗೆ ಬೇಗ ತಲುಪುತ್ತದೆ. ಮಳೆಗಾಲದಲ್ಲಿ ಪತ್ರಿಕೆಯ ಮೂಲೆಯಲ್ಲಿ ಬರುವ ಜಲಾಶಯದ ಮಟ್ಟವನ್ನು ಓದಿ, ಅದು ಪೂರ್ತಿ ತುಂಬುವ 1819 ಅಡಿಗೆ ಇನ್ನೆಷ್ಟು ಬಾಕಿ ಎಂದು ಲೆಕ್ಕ ಹಾಕುತ್ತಾ ಬೆಳೆದವನು ನಾನು. ನಮ್ಮ ಅಜ್ಜನ ಗದ್ದೆ ಆ ಹಿನ್ನೀರಿನ ಅಡಿಯಲ್ಲಿದೆ. ಆದರೂ ಆ ನೀರು ಯಂತ್ರ ತಿರುಗಿಸಿದ ಮೇಲೆ ಎಲ್ಲಿಗೆ ಹೋಗಿ ಏನು ಮಾಡುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ. ನನಗೂ ಅದು ಅರ್ಥವಾಗಲು ಒಂದು ಬೇಸಿಗೆಯ ದುಡಿಮೆ ವ್ಯರ್ಥವಾಗಬೇಕಾಯಿತು.

ನನಗೆ ವಹಿಸಿದ್ದ ಕೆಲಸ ಕೇಳಲು ಸರಳವಾಗಿತ್ತು. ಶರಾವತಿ ಮತ್ತು ಅಘನಾಶಿನಿ ಅಕ್ಕಪಕ್ಕದ ನದಿಗಳು. ಎರಡಕ್ಕೂ ಸುರಿಯುವುದು ಹೆಚ್ಚುಕಡಿಮೆ ಒಂದೇ ಮಳೆ, ಎರಡೂ ಸೇರುವುದು ಅದೇ ಅರಬ್ಬಿ ಸಮುದ್ರ. ಒಂದಕ್ಕೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು ಬಂತು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುವ ಅಘನಾಶಿನಿಗೆ ಮಾತ್ರ ಇಂದಿಗೂ ದೊಡ್ಡ ಅಣೆಕಟ್ಟು ಇಲ್ಲ. ಆದ್ದರಿಂದ ಈ ಎರಡು ಅಳಿವೆಗಳನ್ನು ಹೋಲಿಸಿದರೆ ಅಣೆಕಟ್ಟಿನ ಪರಿಣಾಮ ಕಣ್ಣಿಗೆ ಕಟ್ಟುವಂತೆ ಸಿಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಹೋಲಿಕೆಯನ್ನು ಮೊದಲೇ ಮಾಡಿ, ಶರಾವತಿಯ ಅಳಿವೆಯಲ್ಲಿ ಉಪ್ಪಿನಂಶ ತಗ್ಗಿರುವುದನ್ನೂ ಜನ ತಿನ್ನುವ ಬೆಳಚಿನಂಥ ಚಿಪ್ಪುಜೀವಿಗಳು ಬಹುಪಾಲು ಇಲ್ಲವಾಗಿರುವುದನ್ನೂ ಬರೆದಿದ್ದಾರೆ. ಅತ್ತ ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಹೋದರೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬೆಳಚು ಬಾಚುವವರು ಇಂದಿಗೂ ಸಾಲಾಗಿ ಕಾಣುತ್ತಾರೆ. ಆ ಅಳಿವೆಯ 4801 ಹೆಕ್ಟೇರ್ ಪ್ರದೇಶ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನಾವು ಮಾಡಬೇಕಿದ್ದುದು ಹೊಸ ಶೋಧವೇನಲ್ಲ. ಆಯ್ದ ಕೆಲವು ಜಾಗಗಳಲ್ಲಿ ಉಪ್ಪಿನಂಶ ಬೇಸಿಗೆಯುದ್ದಕ್ಕೂ ಹೇಗೆ ಬದಲಾಗುತ್ತದೆ ಎಂದು ಅಳೆದು ಕೊಡುವುದಷ್ಟೇ.

ಬೇಸಿಗೆಯೇ ಯಾಕೆ ಎಂಬುದನ್ನು ಹೇಳದಿದ್ದರೆ ಮುಂದಿನದು ಸ್ಪಷ್ಟವಾಗುವುದಿಲ್ಲ. ಅಣೆಕಟ್ಟಿಲ್ಲದ ನದಿ ಮಾರ್ಚ್, ಏಪ್ರಿಲ್ ಹೊತ್ತಿಗೆ ಸೊರಗುತ್ತದೆ. ಅದರ ಜಾಗಕ್ಕೆ ಸಮುದ್ರದ ನೀರು ಭರತದ, ಅಂದರೆ ಉಬ್ಬರದ, ಜೊತೆ ಮೈಲುಗಟ್ಟಲೆ ಒಳಗೆ ಬರುತ್ತದೆ. ಮಳೆಗಾಲದಲ್ಲಿ ಸಿಹಿನೀರು ನುಗ್ಗಿದಾಗ ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡು ಕೆಲವು ದಿನ ಕಾಯುವ ಬೆಳಚಿಗೂ ಕಲಗಕ್ಕೂ ಈ ಉಪ್ಪಿನ ತಿಂಗಳುಗಳೇ ಬದುಕು. ವಿದ್ಯುತ್ ಉತ್ಪಾದಿಸುವ ನದಿಯಲ್ಲಿ ಇದು ತಲೆಕೆಳಗಾಗುತ್ತದೆ. ಸೆಕೆ ಏರಿದಂತೆ ನಾಡಿನಲ್ಲಿ ಫ್ಯಾನು, ಪಂಪ್‌ಸೆಟ್ಟುಗಳ ಬೇಡಿಕೆ ಏರುತ್ತದೆ, 1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ಮಳೆಗಾಲದಲ್ಲಿ ಕೂಡಿಟ್ಟ ನೀರನ್ನು ಆಗಲೇ ಇಳಿಸುತ್ತದೆ, ಅದೇ ನೀರು ಗೇರುಸೊಪ್ಪೆಯಲ್ಲಿ ಮತ್ತೊಮ್ಮೆ ಯಂತ್ರ ತಿರುಗಿಸಿ ಹೊನ್ನಾವರದ ಕಡೆ ಹರಿಯುತ್ತದೆ. ಅಳಿವೆಗೆ ಉಪ್ಪು ಬೇಕಾದ ಕಾಲದಲ್ಲಿ ಘಟ್ಟದಿಂದ ಸಿಹಿನೀರು ಬರುತ್ತಲೇ ಇರುತ್ತದೆ.

ಅಳತೆಯ ಸಾಧನ ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್. ಒಂದು ಗೇಣು ಉದ್ದದ ದೂರದರ್ಶಕದ ಹಾಗಿರುತ್ತದೆ. ಓರೆಯಾದ ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು, ಗುಳ್ಳೆ ಉಳಿಯದಂತೆ ಮುಚ್ಚಳ ಒತ್ತಿ, ಬೆಳಕಿನ ಕಡೆ ತಿರುಗಿಸಿ ನೋಡಿದರೆ ಒಳಗೆ ಮೇಲೆ ನೀಲಿ, ಕೆಳಗೆ ಬಿಳಿ ಕಾಣುತ್ತದೆ. ಎರಡೂ ಸೇರುವ ಗೆರೆ ಯಾವ ಅಂಕಿಯ ಮೇಲಿದೆಯೋ ಅದು ಸಾವಿರ ಭಾಗ ನೀರಿನಲ್ಲಿರುವ ಉಪ್ಪಿನ ಭಾಗ. ಸಮುದ್ರದ ನೀರಿಗೆ ಗೆರೆ 35ರ ಆಸುಪಾಸಿಗೆ ಬರಬೇಕು, ಬಟ್ಟಿ ಇಳಿಸಿದ ನೀರಿಗೆ ಸೊನ್ನೆಗೆ. ಸಾಗರದಲ್ಲಿ ಬಸ್ಸು ನಿಂತಾಗ ಬ್ಯಾಟರಿ ಅಂಗಡಿಯಿಂದ ಒಂದು ಕ್ಯಾನ್ ಡಿಸ್ಟಿಲ್ಡ್ ವಾಟರ್ ಕೊಂಡು, ಪ್ರತಿ ಅಳತೆಗೂ ಮೊದಲು ಸೊನ್ನೆ ಸರಿಪಡಿಸಿ, ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದೆ. ಸಾಧನದ ವಿಷಯದಲ್ಲಿ ನನ್ನಷ್ಟು ಶಿಸ್ತಿನವರು ಇಲ್ಲವೆಂಬ ಹೆಮ್ಮೆಯೂ ಇತ್ತು.

ತಿಂಗಳಿಗೊಂದು ವಾರ ಮಲೆಮನೆ ಘಾಟಿ ಇಳಿದು ಹೊನ್ನಾವರದ ಲಾಡ್ಜಿನಲ್ಲಿ ಉಳಿಯುವುದು, ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ದೋಣಿ ಹತ್ತುವುದು, ಗುರುತು ಮಾಡಿದ ಜಾಗಗಳಲ್ಲಿ ಕೈಚಾಚಿ ಬಾಟಲಿ ತುಂಬಿಸುವುದು, ಚೀಟಿಯಲ್ಲಿ ದಿನಾಂಕ ಮತ್ತು ಜಾಗದ ಸಂಖ್ಯೆ ಬರೆಯುವುದು. ಒಂದೇ ಹೊತ್ತಿಗೆ ಅಳೆಯುವುದು ಶಿಸ್ತಿನ ಲಕ್ಷಣವೆಂದು ನಾನು ನಂಬಿದ್ದೆ. ಏಪ್ರಿಲ್ ವಾರದ ಅಂಕಿಗಳನ್ನು ಗ್ರಾಫ್ ಮಾಡಿದಾಗ ಉಪ್ಪಿನಂಶ ಮೊದಲ ದಿನದಿಂದ ಕೊನೆಯ ದಿನದವರೆಗೆ ಮೆಟ್ಟಿಲಿನ ಹಾಗೆ ಇಳಿಯುತ್ತಾ ಹೋಗಿತ್ತು. ಆ ವಾರ ವಿದ್ಯುತ್ ಉತ್ಪಾದನೆ ಹೆಚ್ಚಿದ್ದರಿಂದ ಸಿಹಿನೀರು ಹೆಚ್ಚು ಬಂದಿದೆ ಎಂದು ಎರಡು ಪುಟದ ಟಿಪ್ಪಣಿ ಬರೆದು, ಕೆಲಸ ವಹಿಸಿದ್ದ ಕಚೇರಿಗೆ ಕಳಿಸಿಯೂಬಿಟ್ಟೆವು.

ಟಿಪ್ಪಣಿ ಹೋದ ಮೇಲೆ ಶಿವಮೊಗ್ಗದಲ್ಲಿ ಒಂದು ಸಣ್ಣ ಸಭೆ ನಡೆಯಿತು. ಅಲ್ಲಿಗೆ ಬಂದಿದ್ದ ನಿವೃತ್ತ ಎಂಜಿನಿಯರ್ ಒಬ್ಬರು, ಬಹಳ ವರ್ಷ ಜೋಗದ ಕಡೆ ಕೆಲಸ ಮಾಡಿದವರು, ಗ್ರಾಫನ್ನು ಕನ್ನಡಕದ ಮೇಲಿಂದಲೂ ಕೆಳಗಿಂದಲೂ ನೋಡಿದರು. "ಆ ವಾರ ಜನರೇಷನ್ ಏರಿಲ್ಲವಲ್ರೀ, ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ನಾವು ಬಿಡದ ನೀರು ನಿಮಗೆ ಎಲ್ಲಿಂದ ಬಂತು?" ಎಂದರು. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಅವರ ಬಾಯಲ್ಲಿ ವಿದ್ಯುದಾಗಾರ ಇನ್ನೂ "ನಾವು" ಆಗಿಯೇ ಇತ್ತು. ನನ್ನ ಬಳಿ ಉತ್ತರವಿರಲಿಲ್ಲ. ಅಂದು ರಾತ್ರಿ ಭರತ ಇಳಿತದ ಕೋಷ್ಟಕವನ್ನು ಮುಂದಿಟ್ಟುಕೊಂಡು ಕುಳಿತಾಗ ವಿಷಯ ತಾನಾಗಿ ಬಿಚ್ಚಿಕೊಂಡಿತು. ಒಂದು ಭರತಕ್ಕೂ ಮುಂದಿನ ಭರತಕ್ಕೂ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಕ್ಕೆ ಸುಮಾರು 50 ನಿಮಿಷ ಅದು ತಡವಾಗುತ್ತಾ ಹೋಗುತ್ತದೆ. ನಾನು ಹೋದ ಮೊದಲ ದಿನ ಬೆಳಿಗ್ಗೆ ಹತ್ತಕ್ಕೆ ಅಳಿವೆ ತುಂಬಿತ್ತು. ವಾರ ಕಳೆಯುವಷ್ಟರಲ್ಲಿ ಅದೇ ಹತ್ತು ಗಂಟೆಗೆ ಇಳಿತವಾಗಿತ್ತು. ನನ್ನ ಮೆಟ್ಟಿಲುಗಳು ಚಂದ್ರನವು, ವಿದ್ಯುದಾಗಾರದವಲ್ಲ. ಗಡಿಯಾರ ನೋಡಿ ಒಂದೇ ಹೊತ್ತಿಗೆ ಅಳೆದ ಶಿಸ್ತೇ ತಪ್ಪನ್ನು ತಂದಿತ್ತು. ಮೀನುಗಾರರು ಅಷ್ಟಮಿ, ಹುಣ್ಣಿಮೆ ಎಂದು ತಿಥಿ ನೋಡಿ ಬಲೆ ಹಾಕುವುದನ್ನು ವಾರಗಟ್ಟಲೆ ಪಕ್ಕದಲ್ಲೇ ನೋಡಿದ್ದೆ. ಅದು ನನ್ನ ಅಳತೆಗೂ ಸಂಬಂಧಿಸಿದ್ದೆಂದು ತೋಚದೆ ಹೋದದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಎರಡನೆಯ ತಪ್ಪನ್ನು ತೋರಿಸಿದವರು ಅಘನಾಶಿನಿಯ ಕಡೆಯ ಒಬ್ಬ ಅಮ್ಮ. ಮೇ ತಿಂಗಳಲ್ಲಿ ಇಳಿತದ ಹೊತ್ತು ನೋಡಿಕೊಂಡೇ ಹೋಗಿದ್ದೆ. ಅವರು ಬಿದಿರಿನ ಬುಟ್ಟಿಯನ್ನು ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಂಡು, ಅದು ನೀರಿನ ಮೇಲೆ ತೇಲುತ್ತಾ ಹಿಂದೆ ಬರುವಂತೆ ಬಿಟ್ಟು, ಕಾಲ ಹೆಬ್ಬೆರಳಿನಿಂದ ಮರಳನ್ನು ತಡವಿ, ಬೆಳಚು ಸಿಕ್ಕಿದೊಡನೆ ಬಗ್ಗಿ ತೆಗೆಯುತ್ತಿದ್ದರು. ನಾನು ದೋಣಿಯಿಂದ ಕೈಚಾಚಿ ಮೇಲಿನ ನೀರನ್ನು ಬಾಟಲಿಗೆ ತುಂಬುವುದನ್ನು ಸ್ವಲ್ಪ ಹೊತ್ತು ನೋಡಿ, "ಬೆಳಚು ಇರೂದು ಕೆಳಗೆ ತಮಾ. ನೀ ಮೇಲಿನ ನೀರು ತಗಂಡ್ ಹೋದ್ರೆ ಅದರ ಸುದ್ದಿ ಹ್ಯಾಂಗೆ ಗುತ್ತಾತದೆ?" ಎಂದರು. "ಎಲ್ಲಾ ಒಂದೇ ನೀರಲ್ಲವಾ ಅಮ್ಮಾ?" ಎಂದೆ. ಅವರು ನಕ್ಕು, ಮಳೆಗಾಲದ ಕೊನೆಯಲ್ಲಿ ಮೇಲಿನ ನೀರು ಬಾಯಿಗೆ ಸಪ್ಪೆಯಾಗಿದ್ದರೂ ಕಾಲಿನ ಗಾಯ ಉರಿಯುವುದುಂಟು ಎಂದರು.

ಕಾಲೇಜಿನಲ್ಲಿ ಓದಿದ್ದ ಪಾಠವೇ ಅದು. ಉಪ್ಪುನೀರು ಭಾರ, ಸಿಹಿನೀರು ಹಗುರ. ನದಿ ಜೋರಾಗಿ ಹರಿಯುವ ಅಳಿವೆಯಲ್ಲಿ ಸಮುದ್ರದ ನೀರು ತಳದಲ್ಲಿ ಬೆಣೆಯ ಹಾಗೆ ಒಳನುಗ್ಗುತ್ತದೆ, ನದಿಯ ನೀರು ಅದರ ಮೇಲೆ ಜಾರಿ ಹೊರಗೆ ಹೋಗುತ್ತದೆ. ಬೇಸಿಗೆಯ ಅಘನಾಶಿನಿಯಲ್ಲಿ ನದಿಯ ನೂಕು ಕಡಿಮೆ, ಭರತ ಇಳಿತಗಳು ನೀರನ್ನು ಚೆನ್ನಾಗಿ ಕಲಕುತ್ತವೆ. ಅಲ್ಲಿ ಮೇಲಿನದಕ್ಕೂ ತಳದ್ದಕ್ಕೂ ದೊಡ್ಡ ಅಂತರವಿರುವುದಿಲ್ಲ. ವಿದ್ಯುದಾಗಾರದ ನೀರು ಇಳಿಯುತ್ತಲೇ ಇರುವ ಶರಾವತಿಯಲ್ಲಿ ಆ ಅಂತರ ಬೇಸಿಗೆಯಲ್ಲೂ ಉಳಿಯಬಲ್ಲದು. ಅಂದರೆ ನನ್ನ ಕೈಚಾಚಿದ ಬಾಟಲಿ ಒಂದು ನದಿಯಲ್ಲಿ ಹೆಚ್ಚುಕಡಿಮೆ ನಿಜವನ್ನೂ ಇನ್ನೊಂದರಲ್ಲಿ ಅರ್ಧ ಸತ್ಯವನ್ನೂ ಹೇಳುತ್ತಿತ್ತು, ನಾನು ಆ ಎರಡನ್ನೂ ಒಂದೇ ಗ್ರಾಫಿನಲ್ಲಿಟ್ಟು ಹೋಲಿಸುತ್ತಿದ್ದೆ. ಶರಾವತಿ ಇರುವುದಕ್ಕಿಂತ ಹೆಚ್ಚು ಸಪ್ಪೆಯಾಗಿ ಕಾಣುವುದು ನಮ್ಮ ವಾದಕ್ಕೆ ಅನುಕೂಲವಾಗಿಯೇ ಇತ್ತು. ಬಹುಶಃ ಅದಕ್ಕೇ ನಾವು ಯಾರೂ ಅನುಮಾನಿಸಲಿಲ್ಲ.

ಇದು ಬರೀ ಲೆಕ್ಕದ ತಪ್ಪಾಗಿದ್ದರೆ ತಿದ್ದಿಕೊಂಡು ಸುಮ್ಮನಿರಬಹುದಿತ್ತು. ಆದರೆ ಕರಾವಳಿಯ ದಡದಲ್ಲಿ ಕಟ್ಟಡ, ಚಟುವಟಿಕೆಗಳಿಗೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ, 2011ರದ್ದರಲ್ಲೂ 2019ರದ್ದರಲ್ಲೂ, ನದಿಯ ದಡದಲ್ಲಿ ಈ ನಿಯಮ ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂಬುದು ಇದೇ ಉಪ್ಪಿನ ಅಂಕಿಯ ಮೇಲೆ ನಿಂತಿದೆ. ವರ್ಷದ ಅತ್ಯಂತ ಒಣ ಕಾಲದಲ್ಲಿ ಅಳೆದಾಗ ಸಾವಿರಕ್ಕೆ 5 ಭಾಗ ಉಪ್ಪು ಎಲ್ಲಿಯವರೆಗೆ ಸಿಗುತ್ತದೋ ಅಲ್ಲಿಯವರೆಗೆ ಭರತದ ಪ್ರಭಾವವಿದೆ ಎಂದು ಲೆಕ್ಕ. ಅಣೆಕಟ್ಟಿಲ್ಲದ ನದಿಗೆ ಇದು ಸಹಜವಾದ ಅಳತೆ. ಶರಾವತಿಯಂಥ ನದಿಯಲ್ಲಿ ಒಣ ಕಾಲವೆಂದರೆ ಯಾವುದು? ಮಳೆ ಇಲ್ಲದ ತಿಂಗಳಲ್ಲೇ ಘಟ್ಟದ ನೀರು ಇಳಿಯುತ್ತಿರುವಾಗ ಆ 5ರ ಗೆರೆ ಸಮುದ್ರದ ಕಡೆಗೆ ಸರಿಯುತ್ತದೆ, ಅದರೊಂದಿಗೆ ಕಾಯ್ದೆಯ ರಕ್ಷಣೆ ಇರುವ ದಡವೂ ಮೊಟಕಾಗುತ್ತದೆ. ಅದನ್ನು ಇಳಿತದ ಹೊತ್ತಿನಲ್ಲಿ, ಮೇಲ್ಪದರದ ನೀರಿನಿಂದ ಅಳೆದರೆ ಇನ್ನಷ್ಟು ಮೊಟಕು. ನದಿಯ ಮೇಲೆ ಕಾಳಜಿಯಿಂದಲೇ ಹೊರಟಿದ್ದ ನಾನು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳಿರುವ ಯಾವುದೋ ದಡವನ್ನು ನಕ್ಷೆಯಿಂದ ಹೊರಗಿಡಲು ಬೇಕಾದ ಅಂಕಿಯನ್ನು ಒದಗಿಸುತ್ತಿದ್ದೆ. ಇದು ಹೊಳೆದ ದಿನ ಊಟ ಸೇರಲಿಲ್ಲ.

ಟಿಪ್ಪಣಿಯನ್ನು ಹಿಂದಕ್ಕೆ ಪಡೆಯುತ್ತೇವೆ ಎಂದು ಪತ್ರ ಬರೆಯುವುದು ನಾನು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ನಮ್ಮ ಹಿರಿಯರು ಒಂದು ಮಾತೂ ಗದರದೆ ಸಹಿ ಹಾಕಿದರು. ಆ ಕಚೇರಿಯವರು ಮಾತ್ರ, ಒಮ್ಮೆ ಕಡತಕ್ಕೆ ಸೇರಿದ್ದನ್ನು ಹಾಗೇ ಇರಲು ಬಿಡಿ, ತಿದ್ದುಪಡಿ ಮುಂದಿನ ವರದಿಯಲ್ಲಿ ಬರಲಿ ಎಂದರು. ಮೂರು ಸಲ ಪತ್ರ ಬರೆದ ಮೇಲೆ ನಮ್ಮ ಕಾಗದವನ್ನು ಹಳೆಯ ಟಿಪ್ಪಣಿಯ ಮೇಲೆಯೇ ಲಗತ್ತಿಸಿದರು. ಅಷ್ಟಾದರೂ ಆಯಿತು.

ಈಗಿನ ನಮ್ಮ ವಿಧಾನದಲ್ಲಿ ದುಬಾರಿಯಾದದ್ದೇನೂ ಇಲ್ಲ. ತಳದ ನೀರು ತೆಗೆಯಲು ಒಂದು ಗಾಜಿನ ಬಾಟಲಿಯ ಬುಡಕ್ಕೆ ಸೀಸದ ಬಲೆಗುಂಡುಗಳನ್ನು ಕಟ್ಟಿ, ಬಾಯಿಗೆ ಬಿರಡೆ ಹಾಕಿ, ಬಿರಡೆಗೊಂದು ಬಾಟಲಿಗೊಂದು ಎಂದು ಎರಡು ದಾರ ಕಟ್ಟಿದ್ದೇವೆ. ತಳ ತಾಗಿದಾಗ ದಾರ ಸಡಿಲಾಗುತ್ತದೆ. ಒಂದು ಗೇಣು ಮೇಲೆತ್ತಿ ಬಿರಡೆಯ ದಾರವನ್ನು ಜಗ್ಗಿದರೆ ಗುಳ್ಳೆಗಳು ಎದ್ದು ಬರುತ್ತವೆ, ಗುಳ್ಳೆ ನಿಂತಾಗ ಬಾಟಲಿ ತುಂಬಿದೆ ಎಂದರ್ಥ. ಮೊದಲ ಸಲ ಬಿರಡೆಯನ್ನು ತೀರಾ ಬಿಗಿಯಾಗಿ ಒತ್ತಿ ದಾರವೇ ತುಂಡಾಯಿತು. ಬಾಟಲಿ ಇನ್ನೂ ಶರಾವತಿಯ ತಳದಲ್ಲಿರಬೇಕು. ಚೀಟಿಯಲ್ಲಿ ಈಗ ದಿನಾಂಕ, ಜಾಗಗಳ ಜೊತೆಗೆ ತಿಥಿ, ಭರತವಾಗಿ ಎಷ್ಟು ಹೊತ್ತಾಯಿತು, ಎಷ್ಟು ಆಳ, ಹಿಂದಿನ ದಿನ ಎಷ್ಟು ವಿದ್ಯುತ್ ಉತ್ಪಾದನೆ ಎಂಬುದನ್ನೂ ಬರೆಯುತ್ತೇವೆ. ಕೊನೆಯದು ಎಂಜಿನಿಯರ್ ಅವರ ಉಪಕಾರ. ನೀರು ಬಿಟ್ಟ ಲೆಕ್ಕ ಕೇಳುತ್ತಾ ಅಲೆಯುವುದು ಬೇಡ, ವಿದ್ಯುತ್ತಿನ ಪೂರೈಕೆ ಬೇಡಿಕೆ ಸರಿದೂಗಿಸುವ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದವರು ಶರಾವತಿಯ ಉತ್ಪಾದನೆಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ, ಮೆಗಾವ್ಯಾಟ್ ಏರಿದರೆ ನೀರು ಏರಿತು ಎಂದು ತಿಳಿಯಿರಿ ಎಂದು ಅವರೇ ತೋರಿಸಿಕೊಟ್ಟರು. ಹಾಗಾಗಿ ನಾನು ಹೊನ್ನಾವರದ ಬಸ್ಸು ಹತ್ತುವ ಮೊದಲು ಶಿವಮೊಗ್ಗದ ಮೇಜಿನಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ.

ಹೊಸ ವಿಧಾನದಲ್ಲಿ ಅಳೆದಾಗ, ಶರಾವತಿಯ ಒಂದು ಜಾಗದಲ್ಲಿ ಒಂದೇ ಗಳಿಗೆಯಲ್ಲಿ ತೆಗೆದ ಎರಡು ಬಾಟಲಿಗಳಲ್ಲಿ ಮೇಲಿನದು 5ಕ್ಕಿಂತ ಕೆಳಗೆ, ತಳದ್ದು 5ಕ್ಕಿಂತ ಮೇಲೆ ಬಂತು. ಅಧಿಸೂಚನೆಯ ಆ ವಾಕ್ಯದಲ್ಲಿ ಮೇಲ್ಪದರ, ತಳ ಎಂಬ ಮಾತಿಲ್ಲ. ವರದಿಯ ಕೋಷ್ಟಕದಲ್ಲಿ ಒಂದು ಜಾಗಕ್ಕೆ ಒಂದೇ ಅಂಕಿ ಇರಲಿ, ಬೇಕಿದ್ದರೆ ಸರಾಸರಿ ಹಾಕಿ ಎಂದು ಕಚೇರಿಯಿಂದ ಫೋನ್ ಬಂದಿದೆ. ನಾನು ಎರಡು ಕಾಲಂ ಮಾಡಿ ಎರಡನ್ನೂ ಬರೆದು ಕಳಿಸಿದ್ದೇನೆ.