ಮಲಗಿದ ಕಲ್ಲು ಎದ್ದು ನಿಂತ ಜಾಗ

ಕಲಬುರಗಿಯ ನಮ್ಮ ಮನೆಯ ನೆಲ ಶಹಾಬಾದ್ ಪರಸಿ. ಬೇಸಿಗೆಯಲ್ಲಿ ಆ ತಣ್ಣನೆ ಕಲ್ಲಿನ ಮೇಲೆ ಮಲಗಿಯೇ ಬೆಳೆದವನು ನಾನು, ಆದರೆ ಅದು ಭೂಮಿಯೊಳಗೆ ಹೇಗಿರುತ್ತದೆ ಅಂತ ನೋಡಿರಲೇ ಇಲ್ಲ. ಭೂವಿಜ್ಞಾನ ಓದಿದ ಗೆಳೆಯ "ಹಿಮಾಲಯ ಹೆಂಗ ಎದ್ದಿತು ಅನ್ನೋದು ಇಲ್ಲೇ ತೋರಸ್ತೀನಿ ಬಾ" ಅಂದ. ನಸುಕಿನಲ್ಲೇ ಬೈಕ್ ಹತ್ತಿದೆವು.

ಮೊದಲು ಶಹಾಬಾದ್ ಕಡೆಯ ಒಂದು ಖಣಿ. ಒಬ್ಬ ಕಾಕಾ ಪದರದ ಸಂದಿಗೆ ಉಳಿ ಇಟ್ಟು ಮೆಲ್ಲಗೆ ಬಡಿಯುತ್ತಾ ಹೋದರು, ಟಣ್ ಟಣ್ ಅನ್ನುತ್ತಿದ್ದ ಸದ್ದು ಒಮ್ಮೆಲೇ ಪೊಳ್ಳಾಯಿತು, ಹಾರೆ ಹಾಕಿ ಎತ್ತಿದರೆ ಬಾಗಿಲಷ್ಟು ಅಗಲದ ಹಲಗೆ ಎದ್ದು ಬಂತು. "ಪದರ ಬಿಟ್ಟಿತ್ರೀ, ಆವಾಜ್ ಬದಲಾತು" ಅಂದರು. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಕೂತು ಆದ ಕಲ್ಲು ಇದು. ಕೂತಾಗ ಹೇಗಿತ್ತೋ ಈಗಲೂ ಹಾಗೇ ಮಟ್ಟಸವಾಗಿ ಮಲಗಿದೆ.

ವಾಡಿ, ಯಾದಗಿರಿ ದಾಟಿ ಶಹಾಪುರಕ್ಕೆ ಬಂದಾಗ ಮಲಗಿದ ಬುದ್ಧನ ಬೆಟ್ಟ ಕಂಡಿತು. ಅದು ಗ್ರಾನೈಟ್. ನೆಲದಾಳದಲ್ಲಿ ತಣಿದು ಗಟ್ಟಿಯಾಗಿ, ಮೇಲಿನದೆಲ್ಲ ಸವೆದ ಮೇಲೆ ಹೊರಬಿದ್ದದ್ದು. ಹಿಮಾಲಯದ ಹಾಗೆ ಮಡಚಿ ಎದ್ದ ಬೆಟ್ಟ ಅಲ್ಲ.

ನಾವು ಹುಡುಕುತ್ತಿದ್ದದ್ದು ಗೋಗಿ ಹತ್ತಿರ ಸಿಕ್ಕಿತು. ಹಳ್ಳದ ದಡದಲ್ಲಿ ಅದೇ ಪರಸಿ, ಆದರೆ ಪದರಗಳು ಓರೆಯಾಗಿ ಎದ್ದು ನಿಂತಿವೆ! ಒಂದು ಕಡೆ ಬಾಗಿವೆ, ಇನ್ನೊಂದು ಕಡೆ ಚೂರು ಚೂರು, ಸಂದಿಗಳಲ್ಲಿ ಬಿಳಿ ಗೆರೆ. ಗೋಗಿ-ಕುರ್ಲಗೇರಿ ಸ್ತರಭಂಗ ಅಂತಾರೆ ಇದಕ್ಕೆ. ನೆಲ ಸೀಳಿ, ಸರಿದು, ಗ್ರಾನೈಟ್ ಮತ್ತು ಸುಣ್ಣಕಲ್ಲು ಪಕ್ಕಪಕ್ಕಕ್ಕೆ ಬಂದಿವೆ. ಗೋಗಿಯ ಯುರೇನಿಯಂ ಸಿಕ್ಕಿದ್ದೂ ಈ ಬಿರುಕಿನ ಗುಂಟವೇ.

ಒಂದೇ ಕಲ್ಲು ಒಮ್ಮೆ ಬಾಗೋದು, ಒಮ್ಮೆ ಮುರಿಯೋದು ಯಾಕೆ? ಅಲ್ಲೇ ಬುತ್ತಿ ಬಿಚ್ಚಿದಾಗ ಗೆಳೆಯ ತೋರಿಸಿದ. ಮೆತ್ತನೆ ರೊಟ್ಟಿ ಎರಡೂ ಕಡೆಯಿಂದ ಒತ್ತಿದ, ಬಾಗಿತು. ಖಡಕ್ ರೊಟ್ಟಿ ಒತ್ತಿದ, ಲಟಕ್ಕನೆ ಮುರಿದು ಒಂದು ತುಂಡು ಇನ್ನೊಂದರ ಮೇಲೇರಿತು. ಆಳದಲ್ಲಿ ಬಿಸಿ ಜಾಸ್ತಿ, ಒತ್ತಡ ಜಾಸ್ತಿ, ಅಲ್ಲಿ ಕಲ್ಲು ನಿಧಾನಕ್ಕೆ ಮಡಚುತ್ತದೆ. ಮೇಲೆ ತಣ್ಣಗಿರುವಲ್ಲಿ ಒಡೆಯುತ್ತದೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ನಮ್ಮ ಪ್ಲೇಟ್, ಅಂದರೆ ಭಾರತವನ್ನು ಹೊತ್ತು ನಿಧಾನಕ್ಕೆ ಸರಿಯುವ ಭೂಮಿಯ ಹೊರಪದರದ ದೊಡ್ಡ ತುಂಡು, ಏಷ್ಯಾಕ್ಕೆ ಗುದ್ದಿದಾಗ ನಡುವಿನ ಸಮುದ್ರದ ಪದರಗಳು ಹೀಗೇ ಮಡಚಿ, ಮುರಿದು, ಒಂದರ ಮೇಲೊಂದು ಏರಿದವು. ಎವರೆಸ್ಟ್ ತುದಿಯಲ್ಲಿರೋದೂ ಸಮುದ್ರದ ಸುಣ್ಣಕಲ್ಲೇ, ಗೊತ್ತಾ? ನಮ್ಮ ಅಡುಗೆಮನೆ ಕಲ್ಲಿನ ಜಾತಿಯದ್ದು. ಇದನ್ನು ಕೇಳಿ ರೊಟ್ಟಿ ಕೈಯಲ್ಲೇ ಉಳಿಯಿತು.

ಆ ತಳ್ಳಾಟ ಇನ್ನೂ ನಿಂತಿಲ್ಲ. ಪ್ಲೇಟಿನ ಅಂಚು ಅಷ್ಟು ದೂರ ಇದ್ದರೂ ಒತ್ತಡ ಒಳನಾಡಿನ ಹಳೇ ಬಿರುಕುಗಳವರೆಗೂ ಬರುತ್ತದೆ.

ರಾತ್ರಿ ಮನೆಗೆ ಬಂದು, ಬಿಳಿ ಗೆರೆ ಇದ್ದ ಒಂದು ಚೂರನ್ನು ಅವ್ವನ ಕೈಗೆ ಕೊಟ್ಟು ಇದನ್ನೆಲ್ಲ ಹೇಳಿದೆ. ಅವ್ವ ಅದನ್ನು ನೆಲದ ಮೇಲಿಟ್ಟು ಬಣ್ಣ ನೋಡಿದಳು. ಆಮೇಲೆ 1993ರ ಸೆಪ್ಟೆಂಬರ್ 30ರ ನಸುಕಿನ ಮಾತು ತೆಗೆದಳು. ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆಗಿ ಸಾವಿರಾರು ಜನ ಸತ್ತ ದಿನ. "ಇದೇ ನೆಲ ನಡುಗಿತಪ್ಪಾ, ಮಾಡದಾಗಿನ ತಾಟು ಒಂದೊಂದ ಬಿದ್ದು. ನಿನ್ನ ಎತಗೊಂಡು ಅಂಗಳಕ ಓಡಿದೆ."